ದಪ್ಪ ದನಿಗೆ ಹಾಡಿಲ್ಲವೇ?

ಪಾಶ್ಚಾತ್ಯ ದೇಶಗಳಲ್ಲಿ ಒಪೆರಾ ಎಂಬ ಗೀತನಾಟಕವುಂಟು. ಅದರಲ್ಲಿ ಪಾತ್ರಧಾರಿಯು ಒಬ್ಬನೇ ನಿಂತು ತನ್ನ ಮನಸ್ಸನ್ನು ತೋಡಿಕೊಳ್ಳುವ ಹಾಡಿಗೆ ಆರಿಯಾ ಎಂದು ಹೆಸರು. ನಮ್ಮ ಕಂಪೆನಿ ನಾಟಕಗಳ ರಂಗಗೀತೆಗೆ ಅದು ಹತ್ತಿರದ ನಂಟು. ಗಂಡಸರ ಕಂಠಗಳಲ್ಲಿ ಎಲ್ಲಕ್ಕಿಂತ ಕೆಳಗಿನದನ್ನು ಅವರು ಬೇಸ್ ಎನ್ನುತ್ತಾರೆ. ಈ ಕಂಠಕ್ಕೆಂದೇ ರಚಿತವಾದ ಆರಿಯಾಗಳನ್ನು ಆಯ್ದು ಒಬ್ಬನೇ ಗಾಯಕನಿಂದ ಹಾಡಿಸಿದ ಧ್ವನಿಮುದ್ರಿಕೆಗಳು ಅಲ್ಲಿ ಹಲವಾರು. ನಮ್ಮಲ್ಲಿಯೋ, ದಪ್ಪ ದನಿಯೆಂದರೆ ಹಾಡಿಗೆ ಹೊರಗಿನದೆಂಬ ಎಣಿಕೆ ಬೇರೂರಿದೆ. ಈ ಎಣಿಕೆ ತಪ್ಪು. ತಪ್ಪಷ್ಟೇ ಅಲ್ಲ, ನಮ್ಮ ಕನ್ನಡ ಶಾಲೆಗಳಿಗೆ ಅದು ಹಾನಿಕರ ಎಂಬುದೇ ಈ ಲೇಖನದ ವಾದ.

ಅಂಥ ಮುದ್ರಿಕೆಯೊಂದರಲ್ಲಿ ಸಾಮಾನ್ಯವಾಗಿ ಇರುವ ಹಾಡುಗಳನ್ನು ನೋಡಿರಿ. ವೆರ್ಡಿಯ ‘ಡಾನ್ ಕಾರ್ಲೋಸ್’ (1867) ನಾಟಕದ ದೊರೆ ಫಿಲಿಪ್ ರಾತ್ರಿಯೆಲ್ಲ ನಿದ್ದೆಗೆಟ್ಟು, ರಾಣಿ ತನ್ನನ್ನು ಎಂದೂ ಪ್ರೀತಿಸಲಿಲ್ಲವೆಂದು ಒಬ್ಬನೇ ಕುಳಿತು ಕೊರಗುತ್ತಾನೆ. ರೊಸ್ಸೀನಿಯ ‘ಸೆವಿಲ್ಲದ ಕ್ಷೌರಿಕ’ (1816) ನಾಟಕದಲ್ಲಿ ಬೆಸಿಲಿಯೊ ಎಂಬ ಸಂಗೀತದ ಮೇಷ್ಟರು, ಚಾಡಿಯ ಮಾತು ತಂಗಾಳಿಯಂತೆ ಹುಟ್ಟಿ ಫಿರಂಗಿಯ ಸದ್ದಾಗಿ ಬೆಳೆಯುವ ಬಗೆಯನ್ನು ಹಾಡಿ ನಗಿಸುತ್ತಾರೆ. ಗುನೋ ರಚಿಸಿದ ‘ಫೌಸ್ಟ್’ (1859) ನಾಟಕದ ಸೈತಾನನು ಹೊನ್ನಿನ ಮಹಿಮೆಯನ್ನು ಕೊಂಡಾಡಿ ಜನರನ್ನು ಅಣಕಿಸುತ್ತಾನೆ. ದುಃಖ, ಹಾಸ್ಯ, ವ್ಯಂಗ್ಯ ಮೂರೂ ಒಂದೇ ಕಂಠದಲ್ಲಿ! ದಪ್ಪ ದನಿಗೆ ಅಬ್ಬರವೊಂದೇ ಗತಿಯೆನ್ನುವವರು ಇದಕ್ಕೇನು ಹೇಳುತ್ತಾರೆ?

ಮೋಟ್ಸಾರ್ಟನ ‘ಮಾಯಾ ಕೊಳಲು’ (1791) ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಅಲ್ಲಿ ಇರುಳಿನ ರಾಣಿಯು ಸೇಡಿನ ಕಿಚ್ಚನ್ನು ಅತ್ಯುಚ್ಚ ಸ್ವರದಲ್ಲಿ ಕಾರುತ್ತಾಳೆ. ಅದಾದ ಮೇಲೆ ಸಾರಾಸ್ತ್ರೋ ಎಂಬ ಗುರುವು, ತಮ್ಮ ಮಂದಿರದಲ್ಲಿ ಸೇಡಿಗೆ ಎಡೆಯಿಲ್ಲವೆಂದು ತಗ್ಗು ದನಿಯಲ್ಲಿ ಶಾಂತವಾಗಿ ಹಾಡುತ್ತಾನೆ. ರಾಣಿಯ ಅತ್ಯಂತ ಮೇಲಿನ ಸ್ವರಕ್ಕೂ ಆ ಗುರುವಿನ ಅತ್ಯಂತ ಕೆಳಗಿನ ಸ್ವರಕ್ಕೂ ನಡುವೆ ಸರಿಯಾಗಿ ನಾಲ್ಕು ಸ್ಥಾಯಿಗಳ ಅಂತರ. ಕ್ರೋಧ ಮೇಲೆ, ಕ್ಷಮೆ ಕೆಳಗೆ. ತಗ್ಗು ಕಂಠಕ್ಕೆ ಇದಕ್ಕಿಂತ ದೊಡ್ಡ ಗೌರವವನ್ನು ಯಾರು ಸಲ್ಲಿಸಿಯಾರು?

ಹಾಗಾದರೆ ನಮ್ಮವರಿಗೆ ಈ ಕಂಠದ ಮೇಲೆ ಮುನಿಸೇಕೆ? ಕಾರಣವಿಲ್ಲದೆ ಇಲ್ಲ. ಮೈಕಿಲ್ಲದ ಕಾಲದಲ್ಲಿ ಬಯಲಾಟ ನಡೆಯುತ್ತಿದ್ದುದು ಊರ ಬಯಲಿನಲ್ಲಿ, ಬೆಳ್ಳಂಬೆಳಗಿನವರೆಗೆ. ಹಿಂದಿನ ಸಾಲಿನ ಮುದುಕನಿಗೂ ಹಾಡು ಮುಟ್ಟಬೇಕಾದರೆ ಶ್ರುತಿಯನ್ನು ಏರಿಸದೆ ವಿಧಿಯಿರಲಿಲ್ಲ. ಕಂಪೆನಿ ನಾಟಕಗಳ ತಗಡಿನ ಚಪ್ಪರದೊಳಗೂ ಅದೇ ಪಾಡು. ರಾವಣನಾಗಲಿ ದುರ್ಯೋಧನನಾಗಲಿ, ಮಾತಿನಲ್ಲಿ ಗುಡುಗಿದವನು ಹಾಡಿಗೆ ಬಂದೊಡನೆ ಮೇಳದ ಏರುಶ್ರುತಿಗೆ ಏಣಿ ಹಾಕಬೇಕಾಯಿತು. ಅಂದು ಅದು ಅವಶ್ಯಕತೆ. ಇಂದು ಹಳ್ಳಿಹಳ್ಳಿಗೂ ಧ್ವನಿವರ್ಧಕ ಬಂದಿದೆ. ಅವಶ್ಯಕತೆ ಹೋದರೂ ಅದು ಹುಟ್ಟಿಸಿದ ತಾತ್ಸಾರ ಮಾತ್ರ ಹೋಗಲಿಲ್ಲ.

“ಇದೆಲ್ಲ ಪರದೇಶದ ಮಾತು, ನಮ್ಮ ಕಿವಿಗೆ ಒಗ್ಗದು” ಎಂದು ಕೆಲವರು ಹೇಳಬಹುದು. ಅಂಥವರಿಗೆ ಮೈಸೂರಿನ ಜಯಚಾಮರಾಜ ಒಡೆಯರನ್ನು ನೆನಪಿಸುತ್ತೇನೆ. ಶ್ರೀವಿದ್ಯೆಯ ಉಪಾಸಕರಾಗಿ ಕರ್ನಾಟಕ ಸಂಗೀತದಲ್ಲಿ ಕೃತಿಗಳನ್ನು ರಚಿಸಿದ ಆ ದೊರೆಯೇ 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು. ಎರಡು ಸಂಗೀತಗಳೂ ಒಂದೇ ಎದೆಯಲ್ಲಿ ಜಗಳವಿಲ್ಲದೆ ವಾಸಿಸಿದವು.

ಇನ್ನು “ದಪ್ಪ ದನಿಯಲ್ಲಿ ಇಂಪಿಲ್ಲ” ಎಂಬ ಆಕ್ಷೇಪ. ಇದಕ್ಕೆ ಪರದೇಶದ ಸಾಕ್ಷಿಯೇ ಬೇಡ, ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ (1913–2009) ಸಾಕು. ಮೊದಮೊದಲ ಗ್ರಾಮಫೋನು ತಟ್ಟೆಗಳಲ್ಲಿ ಅವರದು ತೆಳುವಾದ ಏರುಕಂಠ. ಆಮೇಲೆ ಗಂಟಲ ಬೇನೆಗೆ ಚಿಕಿತ್ಸೆಯಾಗಿ ಕಂಠ ಗಂಡಸಿನದೆಂಬಷ್ಟು ತಗ್ಗಿತು. ಹೆಣ್ಣುಮಗಳೊಬ್ಬಳಿಗೆ ಇದು ಹಾಡನ್ನೇ ಬಿಡಿಸಬಹುದಾಗಿದ್ದ ಆಘಾತ. ಅವರಾದರೋ ಗುರು ಸವಾಯಿ ಗಂಧರ್ವರ ಪಾಠವನ್ನು ಆ ಹೊಸ ಕಂಠದಲ್ಲಿಯೇ ಸಾಧಿಸಿದರು. 2002ರಲ್ಲಿ ದೇಶವು ಪದ್ಮವಿಭೂಷಣವನ್ನಿತ್ತು ಗೌರವಿಸಿದ್ದು ಆ ತಗ್ಗಿದ ಕಂಠವನ್ನೇ.

ಈಗ ನಮ್ಮ ಶಾಲೆಯ ಅಂಗಳಕ್ಕೆ ಬರೋಣ. ಹನ್ನೆರಡರಿಂದ ಹದಿನೈದರ ವಯಸ್ಸಿನಲ್ಲಿ ಗಂಡುಹುಡುಗರ ಧ್ವನಿತಂತುಗಳು ಉದ್ದವಾಗಿ ದಪ್ಪವಾಗುತ್ತವೆ. ದನಿ ಸುಮಾರು ಒಂದು ಸ್ಥಾಯಿಯಷ್ಟು ಕೆಳಗಿಳಿಯುತ್ತದೆ. ಇದು ರೋಗವಲ್ಲ, ಪ್ರಕೃತಿಧರ್ಮ. ಆದರೆ ಪ್ರಾರ್ಥನೆಯನ್ನು ನಾವು ಹೆಣ್ಣುಮಕ್ಕಳ ಕಂಠಕ್ಕೆ ಸರಿಯಾಗಿ, ಹಾರ್ಮೋನಿಯಮ್ಮಿನ ಕರಿ ನಾಲ್ಕರಲ್ಲಿ ಎತ್ತುತ್ತೇವೆ. ದನಿ ಒಡೆದ ಹುಡುಗ ಮೇಲಕ್ಕೆ ಹತ್ತಲಾರ. ಒಂದು ಸ್ಥಾಯಿ ಇಳಿದರೆ ಅವನಿಗೆ ನೆಲ ಸಿಗದು. ಮೊದಲು ಅಪಸ್ವರ, ಆಮೇಲೆ ಗೆಳೆಯರ ನಗೆ, ಕೊನೆಗೆ ಮೌನ. ನಾನು ಕಂಡ ಒಂದು ಗಾಯನ ಸ್ಪರ್ಧೆಯಲ್ಲಿ, ದಾಸರ ಪದವನ್ನು ತನ್ನ ತಗ್ಗಿನ ಶ್ರುತಿಯಲ್ಲಿ ಕ್ರಮವಾಗಿಯೇ ಹಾಡುತ್ತಿದ್ದ ಬಾಲಕನನ್ನು ತೀರ್ಪುಗಾರರೊಬ್ಬರು ಅರ್ಧಕ್ಕೆ ತಡೆದು, “ನಿನಗೆ ಭಾಷಣವೇ ಸರಿಯಪ್ಪಾ” ಎಂದರು. ಸಭೆ ನಕ್ಕಿತು. ಆ ನಗೆಯಲ್ಲಿ ಉಪಾಧ್ಯಾಯರೂ ಇದ್ದರೆಂಬುದೇ ವಿಷಾದ.

ಇದು ಸಂಗೀತಗಾರರ ಒಳಜಗಳವೆಂದು ಯಾರೂ ಉದಾಸೀನ ಮಾಡದಿರಲಿ. 1953ರಲ್ಲಿ ಬಳ್ಳಾರಿಯ ಬಹುಭಾಗ ಮೈಸೂರಿಗೆ ಸೇರಿದಾಗ ನಮ್ಮ ಅನಂತಪುರದ ಸೀಮೆ ಆಂಧ್ರದಲ್ಲಿ ಉಳಿಯಿತು. ಬ್ರಹ್ಮಸಮುದ್ರದಂಥ ಊರಿನಲ್ಲಿ ಕನ್ನಡವು ಕಚೇರಿಯ ಭಾಷೆಯಲ್ಲ. ಹುಡುಗನೊಬ್ಬ ನಾಲ್ಕು ಜನರೆದುರು ಎದೆಯೆತ್ತಿ ಕನ್ನಡವನ್ನು ನುಡಿಯುವ ಸಂದರ್ಭಗಳು ಎಷ್ಟು? ಪ್ರಾರ್ಥನೆ, ಪದ್ಯವಾಚನ, ಹಾಡು, ಭಜನೆ, ಬಯಲಾಟ. ಇವುಗಳಿಂದ ಅವನನ್ನು ಹೊರಗಟ್ಟಿದರೆ ಅವನ ಬಾಯಿಂದ ಹಾಡು ಮಾತ್ರವಲ್ಲ, ಗಟ್ಟಿದನಿಯ ಕನ್ನಡವೇ ಹೊರಟುಹೋಗುತ್ತದೆ. ಗಡಿನಾಡಿನ ಶಾಲೆಯು ತನ್ನ ಮಕ್ಕಳ ಬಾಯನ್ನು ತಾನೇ ಮುಚ್ಚಿಸುವುದು ಆತ್ಮಘಾತವಲ್ಲದೆ ಮತ್ತೇನು?

ಆದುದರಿಂದ ಸಹೋದ್ಯೋಗಿಗಳಲ್ಲಿ ನನ್ನ ಬಿನ್ನಹ ಮೂರು. ಮೊದಲನೆಯದು, ಮೇಲಿನ ತರಗತಿಗಳ ಪ್ರಾರ್ಥನೆಯನ್ನು ವಾರದಲ್ಲಿ ಕೆಲವು ದಿನ ಬಿಳಿ ಒಂದರ ಸುಮಾರಿಗೆ ಇಳಿಸಿ ಗಂಡುಮಕ್ಕಳಿಂದ ಹೇಳಿಸಿರಿ. ಎರಡನೆಯದು, ದನಿ ಒಡೆಯುತ್ತಿರುವ ಹುಡುಗನನ್ನು ಹಾಡಬೇಡವೆನ್ನಬೇಡಿ. ಕಿರುಚದೆ, ಮೆಲ್ಲಗೆ, ನಾಲ್ಕೈದು ಸ್ವರಗಳೊಳಗೆ ಹಾಡಲು ಕಲಿಸಿರಿ. ಸ್ಪರ್ಧೆಗಳಲ್ಲಿ ಮಗುವಿನ ಶ್ರುತಿಗೆ ಪೆಟ್ಟಿಗೆ ಹೊಂದಲಿ, ಪೆಟ್ಟಿಗೆಯ ಶ್ರುತಿಗೆ ಮಗುವಲ್ಲ. ಮೂರನೆಯದು, ದಪ್ಪ ದನಿಗೆಂದೇ ಕನ್ನಡದ ಹಾಡುಗಳನ್ನು ಆಯ್ದು ಮುದ್ರಿಸಿರಿ. ಇಂದು ಜೇಬಿನ ಫೋನಿನಲ್ಲಿಯೇ ಅದು ಸಾಧ್ಯ. ಸಾಮಗ್ರಿಗೆ ಬರವೇ? ರನ್ನನ ‘ಗದಾಯುದ್ಧ’ದಲ್ಲಿ ಹೆಣಗಳ ನಡುವೆ ನಡೆದು ತಮ್ಮನನ್ನೂ ಗೆಳೆಯ ಕರ್ಣನನ್ನೂ ನೆನೆದು ಅಳುವ ದುರ್ಯೋಧನನಿದ್ದಾನೆ. ದೊರೆ ಫಿಲಿಪ್ಪನ ಹಾಡಿಗೆ ಎಂಟು ಶತಮಾನಗಳ ಹಿರಿಯಣ್ಣ ಆ ವಿಲಾಪ. ಅದನ್ನು ಕೀಚಲು ದನಿಯಲ್ಲಿ ಕೇಳಲು ಯಾರ ಮನಸ್ಸು ಒಪ್ಪೀತು?

ರಷ್ಯಾದ ಫ್ಯೋದರ್ ಶಲ್ಯಾಪಿನ್ (1873–1938) ಬಡರೈತನ ಮಗ, ಬಾಲ್ಯದಲ್ಲಿ ಚಮ್ಮಾರನ ಬಳಿ ಕೆಲಸ ಕಲಿತವನು. ದನಿ ಒಡೆಯುತ್ತಿದ್ದ ಹೊತ್ತಿನಲ್ಲಿ ಅವನನ್ನು ಒಂದು ಮೇಳದವರು ಬೇಡವೆಂದು ತಿರಸ್ಕರಿಸಿದರೆಂಬ ಪ್ರತೀತಿಯುಂಟು. ಅದೇ ಶಲ್ಯಾಪಿನ್ ಮುಂದೆ ‘ಬೊರಿಸ್ ಗೊದುನೋವ್’ ನಾಟಕದ ದೊರೆಯ ಮರಣವನ್ನು ಹಾಡಿದ ದನಿ, 1928ರಲ್ಲಿ ಲಂಡನ್ನಿನ ರಂಗಮಂದಿರದಲ್ಲಿ ಮುದ್ರಣವಾಗಿ ಇಂದಿಗೂ ಕೇಳಲು ದೊರೆಯುತ್ತದೆ. ನಮ್ಮ ಏಳನೆಯ ತರಗತಿಯ ಹಿಂದಿನ ಬೆಂಚಿನಲ್ಲಿ ತುಟಿ ಬಿಗಿದು ನಿಂತ ಹುಡುಗರಲ್ಲಿ ಯಾರ ಗಂಟಲಲ್ಲಿ ಏನಿದೆಯೋ ಬಲ್ಲವರಾರು? ಮೊದಲು ಅವರಿಗೆ ಶ್ರುತಿ ಕೊಡೋಣ, ತೀರ್ಪು ಆಮೇಲಿರಲಿ.