ಎಫ್‌1 ಒತ್ತೋ ಮೊದಲು ಒಂದು ಫೋಟೊ ತೆಗೀರಿ

ಬೆಳಗ್ಗೆ ಅಂಗಡಿ ಬಾಗಿಲು ತೆಗೆದು ಕಂಪ್ಯೂಟರ್ ಆನ್ ಮಾಡ್ತೀರಿ. ಕಪ್ಪು ಪರದೆಯ ಮೇಲೆ ಎರಡು ಸಾಲು ಇಂಗ್ಲಿಷ್, ಕೆಳಗೆ ‘ಪ್ರೆಸ್ ಎಫ್‌1 ಟು ಕಂಟಿನ್ಯೂ’. ಮೇಲಿನ ಸಾಲು ಓದೋಷ್ಟು ಪುರುಸೊತ್ತು ಯಾರಿಗಿದೆ? ಬೆರಳು ಸೀದಾ ಎಫ್‌1 ಮೇಲೆ. ವಾರಗಟ್ಟಲೆ ಹೀಗೇ ನಡೆಯುತ್ತದೆ. ಆಮೇಲೆ ಒಂದು ದಿನ ಎಷ್ಟು ಒತ್ತಿದರೂ ಮುಂದಕ್ಕೆ ಹೋಗೋದಿಲ್ಲ. ಆಗ ರಿಪೇರಿಯವರಿಗೆ ಫೋನು: ‘ಸರ್ರ, ಏನೋ ಇಂಗ್ಲಿಷ್‌ನಾಗ ಬರಾಕತ್ತೈತ್ರಿ.’ ಆ ಕಡೆಯಿಂದ ಸಿದ್ಧ ಉತ್ತರ: ‘ವಿಂಡೋಸ್ ಹೋಗೈತಿ, ಫಾರ್ಮ್ಯಾಟ್ ಹೊಡೀಬೇಕ್ರಿ. ತಗೊಂಡ್ ಬರ್ರಿ.’

ಕುಷ್ಟಗಿ, ಯಲಬುರ್ಗಾದವರಾದರೆ ಸಿಪಿಯು ಹೊತ್ತುಕೊಂಡು ಬಸ್ಸು ಹತ್ತಿ ಕೊಪ್ಪಳಕ್ಕೋ ಗಂಗಾವತಿಗೋ ಹೋಗಬೇಕು. ಸಂಜೆಗೆ ಯಂತ್ರ ಹೊಸದರಂತೆ ವಾಪಸ್ ಬರುತ್ತದೆ. ಡೆಸ್ಕ್‌ಟಾಪ್ ಮೇಲೆ ಇಟ್ಟಿದ್ದ ಐದು ವರ್ಷದ ಲೆಕ್ಕ, ಲಗ್ನಪತ್ರಿಕೆಯ ಡಿಸೈನು, ಮಗಳ ಜವಳದ ಫೋಟೊ ಮಾತ್ರ ಬರೋದಿಲ್ಲ. ಎಷ್ಟೋ ಸಲ ಫಾರ್ಮ್ಯಾಟಿನ ಅಗತ್ಯವೇ ಇರಲಿಲ್ಲ ಅನ್ನೋದನ್ನ ಆ ಎರಡು ಸಾಲೇ ಹೇಳಿರುತ್ತವೆ.

ಗುಂಡಿ ಒತ್ತಿದ ಕೂಡಲೇ ವಿಂಡೋಸ್ ಶುರುವಾಗೋದಿಲ್ಲ. ಮದರ್‌ಬೋರ್ಡಿನ ಮೇಲಿರುವ ಬಯಾಸ್ ಅನ್ನೋ ಸಣ್ಣ ತಂತ್ರಾಂಶ ಮೊದಲು ಹಾಜರಿ ಕರೆಯುತ್ತದೆ. ಪ್ರೊಸೆಸರ್ ಇದೆಯಾ, ರ‍್ಯಾಮ್ ಇದೆಯಾ, ಪರದೆ, ಕೀಬೋರ್ಡು, ಡಿಸ್ಕು? ಇದಕ್ಕೆ ‘ಪೋಸ್ಟ್’ ಅಂತಾರೆ. ‘ಪವರ್ ಆನ್ ಸೆಲ್ಫ್ ಟೆಸ್ಟ್’ ಅನ್ನೋದರ ಚಿಕ್ಕ ರೂಪ ಅದು. 1981ರ ಐಬಿಎಂ ಪಿಸಿಯಲ್ಲಿ ಬರೀ ಅಂಕಿ ಬರುತ್ತಿತ್ತು. 201 ಅಂದರೆ ಮೆಮೊರಿ, 301 ಅಂದರೆ ಕೀಬೋರ್ಡು. ಈಗ ಇಡೀ ವಾಕ್ಯವೇ ಬರುತ್ತದೆ, ಆದರೂ ಓದೋರಿಲ್ಲ. (ಕೀಬೋರ್ಡ್ ಸಿಗಲಿಲ್ಲ, ಮುಂದುವರಿಯಲು ಎಫ್‌1 ಒತ್ತಿ ಅಂತ ಕೇಳೋ ಯಂತ್ರಗಳೂ ಇವೆ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.) ಹಾಜರಿ ಮುಗಿದ ಮೇಲಷ್ಟೇ ವಿಂಡೋಸ್‌ನ ಸರದಿ. ಹಾಗಾಗಿ ಹಾಜರಿಯಲ್ಲೇ ನಿಂತ ಯಂತ್ರಕ್ಕೆ ಹೊಸ ವಿಂಡೋಸ್ ಹಾಕಿ ಪ್ರಯೋಜನವಿಲ್ಲ.

ನಮ್ಮ ಕಡೆ ಹೆಚ್ಚು ಮೋಸ ಮಾಡೋದು ಒಂದು ನಾಣ್ಯದಷ್ಟು ಗಾತ್ರದ ಬ್ಯಾಟರಿ. ಅದರ ಹೆಸರು ಸಿಆರ್2032, ಮೂರು ವೋಲ್ಟಿನದು, ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ಕರೆಂಟ್ ಇಲ್ಲದಾಗ ಯಂತ್ರದ ಗಡಿಯಾರ ಮತ್ತು ಬಯಾಸ್ ಸೆಟ್ಟಿಂಗನ್ನು ಕಾಯೋದು ಇದೇ. ಪ್ಲಗ್ಗಿಗೆ ಕರೆಂಟ್ ಬರ್ತಾ ಇದ್ದರೆ ಇದಕ್ಕೆ ಕೆಲಸ ಕಡಿಮೆ. ರಾತ್ರಿ ಮೇನ್ ಸ್ವಿಚ್ಚೇ ಆಫ್ ಮಾಡಿ ಹೋಗುವ ಅಂಗಡಿಗಳಲ್ಲಿ, ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗುವ ಊರುಗಳಲ್ಲಿ ಬೇಗ ಸವೆಯುತ್ತದೆ. ಆಗ ಬರುವ ಸಾಲು ‘ಸಿಮೋಸ್ ಚೆಕ್‌ಸಮ್ ಎರರ್’ ಅಥವಾ ‘ಡೇಟ್ ಅಂಡ್ ಟೈಮ್ ನಾಟ್ ಸೆಟ್’. ಎಫ್‌1 ಒತ್ತಿ ಒಳಗೆ ಹೋದರೆ ತಾರೀಖು ಹತ್ತು ವರ್ಷ ಹಿಂದಕ್ಕೆ ಹೋಗಿರುತ್ತದೆ. ಬ್ಯಾಂಕಿನ ಪುಟ ತೆರೆಯೋದಿಲ್ಲ, ಕ್ರೋಮ್ ‘ಯುವರ್ ಕ್ಲಾಕ್ ಈಸ್ ಬಿಹೈಂಡ್’ ಅನ್ನುತ್ತದೆ. ನಾವು ನೆಟ್ ಕೆಟ್ಟಿದೆ ಅಂತ ರೌಟರ್ ಬಡಿಯುತ್ತೀವಿ.

ಅಲ್ಲಿಗೇ ನಿಂತರೆ ಪರವಾಗಿಲ್ಲ. ಬ್ಯಾಟರಿ ಪೂರ್ತಿ ಸತ್ತರೆ ಡಿಸ್ಕಿನಿಂದ ಹೇಗೆ ಶುರು ಮಾಡಬೇಕು ಅನ್ನೋ ಸೆಟ್ಟಿಂಗೂ ಅಳಿಸಿಹೋಗಬಹುದು. ಆಗ ‘ನೋ ಬೂಟಬಲ್ ಡಿವೈಸ್’ ಅಂತಲೋ, ನೀಲಿ ಪರದೆ ಮೇಲೆ ‘ಇನ್‌ಆಕ್ಸೆಸಬಲ್ ಬೂಟ್ ಡಿವೈಸ್’ ಅಂತಲೋ ಬರುತ್ತದೆ. ಡಿಸ್ಕು ಗಟ್ಟಿಯಾಗಿದೆ, ಫೈಲೆಲ್ಲ ಇವೆ, ಬದಲಾಗಬೇಕಾದದ್ದು ಬ್ಯಾಟರಿ ಮತ್ತು ಒಂದು ಸೆಟ್ಟಿಂಗು. ಇಂಥ ಯಂತ್ರಕ್ಕೆ ಫಾರ್ಮ್ಯಾಟ್ ಹೊಡೆಯೋದು ಅಂದರೆ ಬೀಗದ ಕೈ ಸಿಗಲಿಲ್ಲ ಅಂತ ಮನೆ ಕೆಡವಿದ ಹಾಗೆ.

‘ನೋ ಬೂಟಬಲ್ ಡಿವೈಸ್’ ಅಥವಾ ‘ರೀಬೂಟ್ ಅಂಡ್ ಸೆಲೆಕ್ಟ್ ಪ್ರಾಪರ್ ಬೂಟ್ ಡಿವೈಸ್’ ಬಂದಾಗ ಮೊದಲು ಚುಚ್ಚಿಟ್ಟ ಪೆನ್‌ಡ್ರೈವ್ ತೆಗೀರಿ. ನಗಬೇಡಿ, ಇದರಿಂದಲೇ ಸರಿಯಾಗುವ ಯಂತ್ರಗಳಿವೆ. ಆಗಲಿಲ್ಲವಾದರೆ ಎಫ್‌2 ಅಥವಾ ಡಿಲೀಟ್ ಒತ್ತಿ (ಕಂಪನಿ ಪ್ರಕಾರ ಬೇರೆಯಾಗುತ್ತದೆ) ಬಯಾಸ್ ಒಳಗೆ ಹೋಗಿ, ಡಿಸ್ಕಿನ ಹೆಸರು ಕಾಣುತ್ತದಾ ನೋಡಿ. ಕಂಡರೆ ನಿಮ್ಮ ಫೈಲುಗಳು ಬಹುಮಟ್ಟಿಗೆ ಕ್ಷೇಮ. ಕಾಣದಿದ್ದರೆ ಕೇಬಲ್ ಸಡಿಲಾಗಿರಬಹುದು ಅಥವಾ ಡಿಸ್ಕೇ ಹೋಗಿರಬಹುದು. ಹಳೆಯ ಹಾರ್ಡ್‌ಡಿಸ್ಕು ‘ಟಕ್, ಟಕ್’ ಅಂತಿದ್ದರೆ ಆ ಕ್ಷಣವೇ ಆಫ್ ಮಾಡಿ. ಇನ್ನೊಂದು ಸಲ ನೋಡೋಣ ಅಂತ ಆನ್ ಮಾಡಿದಷ್ಟೂ ಒಳಗಿನ ತಟ್ಟೆ ಗೀರಿಹೋಗುವ ಅಪಾಯ ಹೆಚ್ಚು.

‘ಸ್ಮಾರ್ಟ್ ಫೇಲ್ಯೂರ್ ಪ್ರೆಡಿಕ್ಟೆಡ್, ಬ್ಯಾಕಪ್ ಅಂಡ್ ರಿಪ್ಲೇಸ್’ ಅನ್ನೋ ಸಾಲು ಇವೆಲ್ಲಕ್ಕಿಂತ ಗಂಭೀರ. ಡಿಸ್ಕು ತನ್ನ ಕಾಯಿಲೆಯನ್ನು ತಾನೇ ಹೇಳಿಕೊಳ್ಳುತ್ತಿದೆ, ಆದರೆ ಎಫ್‌1 ಒತ್ತಿದರೆ ಮುಂದೆ ಹೋಗಲೂ ಬಿಡುತ್ತದೆ. ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳ ಬಗ್ಗೆ ಗೂಗಲ್ 2007ರಲ್ಲಿ ಅಧ್ಯಯನ ಪ್ರಕಟಿಸಿತ್ತು. ಮೇಲ್ಮೈ ಓದುವಾಗ ಮೊದಲ ದೋಷ ಕಂಡ ಡಿಸ್ಕು ಮುಂದಿನ 60 ದಿನಗಳಲ್ಲಿ ಕೈಕೊಡುವ ಸಾಧ್ಯತೆ ದೋಷವಿಲ್ಲದ್ದಕ್ಕಿಂತ 39 ಪಟ್ಟು ಹೆಚ್ಚು ಅಂತ ಅದರಲ್ಲಿದೆ. ಸತ್ತ ಡಿಸ್ಕುಗಳಲ್ಲಿ ಶೇ. 36ಕ್ಕೂ ಹೆಚ್ಚು ಯಾವ ಮುನ್ಸೂಚನೆಯನ್ನೂ ಕೊಟ್ಟಿರಲಿಲ್ಲ. ಅಂದರೆ ಎಚ್ಚರಿಕೆ ಸಿಕ್ಕವರು ಅದೃಷ್ಟವಂತರು. ಆ ದಿನ ಬೇರೆ ಕೆಲಸ ಬಿಟ್ಟು ಫೈಲು ನಕಲು ಮಾಡಿಕೊಳ್ಳಿ.

ಪರದೆಯೇ ಹತ್ತದೆ ಬರೀ ‘ಬೀಪ್’ ಬಂದರೆ ಎಣಿಸಿ. ಉದ್ದ ಎಷ್ಟು, ಗಿಡ್ಡ ಎಷ್ಟು ಅನ್ನೋದರ ಅರ್ಥ ಬಯಾಸ್ ಕಂಪನಿಯಿಂದ ಕಂಪನಿಗೆ ಬೇರೆ. ಬಿಡದೆ ಕೂಗುತ್ತಿದ್ದರೆ ಮೊದಲ ಅನುಮಾನ ರ‍್ಯಾಮಿನ ಮೇಲೆ. ಪ್ಲಗ್ ಕಿತ್ತು, ರ‍್ಯಾಮ್ ತೆಗೆದು, ಅದರ ಚಿನ್ನದ ಬಣ್ಣದ ಅಂಚನ್ನು ಮಕ್ಕಳ ರಬ್ಬರಿನಿಂದ ಮೆಲ್ಲಗೆ ತಿಕ್ಕಿ ಹಾಕಿದರೆ ಕೆಲವೊಮ್ಮೆ ಅಷ್ಟೇ ಸಾಕು. ಲ್ಯಾಪ್‌ಟಾಪಿನಲ್ಲಿ ಬೀಪಿನ ಬದಲು ದೀಪ ಮಿನುಗಬಹುದು. ಅದನ್ನು ವಿಡಿಯೊ ಮಾಡಿಟ್ಟುಕೊಳ್ಳಿ.

‘ಸಿಪಿಯು ಫ್ಯಾನ್ ಎರರ್’ ಬಗ್ಗೆ ಗಂಗಾವತಿಯವರಿಗೆ ಬೇರೆ ಹೇಳಬೇಕು. ಅಕ್ಕಿ ಗಿರಣಿಯ ಆಫೀಸಿನ ಸಿಪಿಯು ಬಿಚ್ಚಿದರೆ ಒಳಗಿರೋದು ಮಾಮೂಲಿ ಧೂಳಲ್ಲ. ತೌಡಿನಲ್ಲಿ ಎಣ್ಣೆ ಅಂಶ ಇರುವುದರಿಂದ ಫ್ಯಾನಿನ ರೆಕ್ಕೆಗೆ ಜಿಡ್ಡಾಗಿ ಅಂಟುತ್ತದೆ, ಬ್ಲೋವರ್ ಊದಿದರೆ ಹೋಗೋದಿಲ್ಲ. ಒಣ ಬ್ರಷ್ ಬೇಕು, ಫ್ಯಾನು ಗಿರಗಿರ ತಿರುಗದಂತೆ ಬೆರಳಿಂದ ಹಿಡಿದಿರಬೇಕು. ಏಪ್ರಿಲ್–ಮೇ ಬಿಸಿಲಿನಲ್ಲಿ ಈ ಸಾಲನ್ನು ಎಫ್‌1 ಒತ್ತಿ ದಾಟಿದರೆ ಯಂತ್ರ ಮಧ್ಯಾಹ್ನದ ಹೊತ್ತಿಗೆ ಕಾದು ತಾನೇ ಆಫ್ ಆಗುತ್ತದೆ.

ನೀಲಿ ಪರದೆ ಬಂದರೆ ಹಾರ್ಡ್‌ವೇರ್ ಹೋಯಿತು ಅಂತಲೂ ತೀರ್ಮಾನಿಸಬೇಡಿ. 2024ರ ಜುಲೈ 19 ನೆನಪಿದೆಯಲ್ಲ? ಕ್ರೌಡ್‌ಸ್ಟ್ರೈಕ್ ಕಂಪನಿಯ ಒಂದು ತಪ್ಪು ಅಪ್‌ಡೇಟಿನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಮಲಗಿದವು ಅಂತ ಮೈಕ್ರೋಸಾಫ್ಟ್ ಅಂದಾಜು ಮಾಡಿತು. ಬೆಂಗಳೂರು ವಿಮಾನ ನಿಲ್ದಾಣದಲ್ಲೂ ಚೆಕ್-ಇನ್ ಕೈಕೊಟ್ಟಿತ್ತು. ನೀಲಿ ಪರದೆಯ ಕೆಳಗೆ ‘ವಾಟ್ ಫೇಲ್ಡ್’ ಅನ್ನೋದರ ಮುಂದೆ ಆ ಕಂಪನಿಯದೇ ಫೈಲಿನ ಹೆಸರಿತ್ತು. ಸೇಫ್ ಮೋಡಿಗೆ ಹೋಗಿ ಹಾಳಾದ ಒಂದು ಫೈಲ್ ಅಳಿಸಿದರೆ ಯಂತ್ರ ಎದ್ದು ಕೂರುತ್ತಿತ್ತು.

ಹಾಗಾಗಿ ಬಸ್ ಹತ್ತುವ ಮೊದಲು ಪರದೆಯ ಫೋಟೊ ತೆಗೆದು ರಿಪೇರಿಯವರಿಗೆ ವಾಟ್ಸ್ಆ್ಯಪ್ ಮಾಡಿ. ಬಾಯಲ್ಲಿ ‘ಏನೋ ಬರ್ತೈತ್ರಿ’ ಅಂದರೆ ಅವರಿಗೂ ಊಹೆ ಮಾಡೋದು ಬಿಟ್ಟು ಬೇರೆ ದಾರಿಯಿಲ್ಲ. ಯಂತ್ರ ಕೊಡುವಾಗ ‘ಡಾಟಾ ತೆಗೆಯೋ ತನಕ ಫಾರ್ಮ್ಯಾಟ್ ಮಾಡಬ್ಯಾಡ್ರಿ’ ಅಂತ ಚೀಟಿ ಬರೆದು ಅಂಟಿಸಿ. ಒಂದು ವೇಳೆ ಮಾಡಲೇಬೇಕಾಗಿ ಬಂದು, ಆಮೇಲೆ ಹಳೆಯ ಕನ್ನಡ ಫೈಲುಗಳು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಂಡರೆ ಗಾಬರಿಯಿಂದ ಅಳಿಸಬೇಡಿ. ಹೋಗಿರೋದು ನುಡಿ ಫಾಂಟು, ಫೈಲಲ್ಲ. ನುಡಿ ಮತ್ತೆ ಹಾಕಿಕೊಂಡರೆ ಅಕ್ಷರ ವಾಪಸ್ ಬರುತ್ತವೆ.

ಹೊಸ ಲ್ಯಾಪ್‌ಟಾಪ್ ಇರುವವರಿಗೆ ಇನ್ನೊಂದು ಕೆಲಸ. ಬಯಾಸ್ ಅಪ್‌ಡೇಟ್ ಆದ ಮೇಲೆ ಅಥವಾ ಮದರ್‌ಬೋರ್ಡ್ ಬದಲಾದ ಮೇಲೆ ‘ಬಿಟ್‌ಲಾಕರ್ ರಿಕವರಿ’ ಅಂತ ನೀಲಿ ಪರದೆ ಬಂದು 48 ಅಂಕಿಗಳ ಕೀ ಕೇಳಬಹುದು. ಆ ಕೀ ಇಲ್ಲದಿದ್ದರೆ ಡಿಸ್ಕು ಗಟ್ಟಿಯಾಗಿದ್ದರೂ ಯಾವ ಅಂಗಡಿಯವರೂ ಫೈಲು ತೆಗೆದುಕೊಡಲಾರರು. ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಫೋನಿನಿಂದಲೇ ಲಾಗಿನ್ ಆಗಿ ಕೀ ಇದೆಯಾ ನೋಡಿ, ಕಾಗದದ ಮೇಲೆ ಬರೆದುಕೊಳ್ಳಿ. ಆ ಕಾಗದವನ್ನು ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಮಾತ್ರ ಇಡಬೇಡಿ.