ಚಿಟ್ಟೆ ಬೇಕು, ಎಕ್ಕದ ಗಿಡ ಬೇಡ!

ಮುಂಬಯಿಯ ನಮ್ಮ ಹೌಸಿಂಗ್ ಸೊಸೈಟಿಯವರು ಕಾಂಪೌಂಡಿನ ಬದಿಯಲ್ಲಿದ್ದ ಎಕ್ಕದ ಗಿಡಗಳನ್ನೆಲ್ಲ ಕೀಳಿಸಿ, ಹುಲ್ಲುಹಾಸು ಹಾಕಿ, ನಾಲ್ಕು ಹೂಗಿಡ ನೆಟ್ಟು "ಚಿಟ್ಟೆ ಉದ್ಯಾನ" ಅಂತ ಬೋರ್ಡು ತಗುಲಿಸಿದ್ದಾರೆ. ಕಾರಣ? ಕಳೆಗಿಡದಿಂದ ಸೊಳ್ಳೆ ಬರುತ್ತಂತೆ! ಡೆಂಗ್ಯೂ ಸೊಳ್ಳೆ ಹುಟ್ಟೋದು ನಿಂತ ನೀರಲ್ಲಿ ಸ್ವಾಮಿ, ನಿಮ್ಮದೇ ಬಾಲ್ಕನಿಯ ಕುಂಡದ ಕೆಳಗಿನ ತಟ್ಟೆಯಲ್ಲಿ.

ಕಿತ್ತಳೆ ಬಣ್ಣದ, ರೆಕ್ಕೆಗೆ ಕಪ್ಪಂಚಿನ ಪ್ಲೇನ್ ಟೈಗರ್ ಚಿಟ್ಟೆ ನೋಡಿರ್ತೀರಿ. ಅದರ ಹುಳು ತಿನ್ನೋದು ಎಕ್ಕ ಮತ್ತದರ ನೆಂಟರ ಎಲೆಯನ್ನೇ. ಬರೀ ಮಕರಂದದ ಹೂ ನೆಟ್ಟರೆ ಚಿಟ್ಟೆ ಬಂದು ಕುಡಿದು ಹೋದೀತು. ಮೊಟ್ಟೆ ಎಲ್ಲಿಡಬೇಕು? ಬಸುರಿಗೆ ಊಟ ಹಾಕಿ, ಬಾಣಂತನಕ್ಕೆ ಬಾಗಿಲು ಮುಚ್ಚಿದ ಹಾಗಾಯ್ತು.

ಎಕ್ಕದ ಪರಾಗವೋ, ಪುಡಿಯಲ್ಲ, ಪುಟ್ಟ ಗಂಟು. ಅದನ್ನು ಕಿತ್ತು ಹೊತ್ತೊಯ್ಯೋಕೆ ಮರ ಕೊರೆಯೋ ಆ ದಪ್ಪ ಕರಿ ದುಂಬಿಯಂಥ ದಾಂಡಿಗ ಬೇಕು. (ಅದನ್ನು ಕಂಡರೆ ಕಿರುಚಿ ಓಡ್ತಾರೆ. ಗಂಡು ದುಂಬಿಗೆ ಕೊಂಡಿಯೇ ಇಲ್ಲ ಮಾರಾಯ್ರೆ!) ಹುಲ್ಲುಹಾಸಿನಲ್ಲಿ ಅದಕ್ಕೇನಿದೆ?

ತಮಾಷೆ ಅಂದ್ರೆ, ಗಿಡ ಕೀಳಿಸಿದ ಸೆಕ್ರೆಟರಿ ಸಾಹೇಬರು ಪ್ರತಿ ಶನಿವಾರ ಮಾರುತಿಗೆ ಎಕ್ಕದೆಲೆಯ ಹಾರವನ್ನು ದುಡ್ಡು ಕೊಟ್ಟು ತರ್ತಾರೆ.