ಹೊಲಕ್ಕೆ ಬಂದದ್ದು ಯಾರು? ಫೋಟೋ ನೋಡಿ ಹೇಳೋ ಕೆಲಸ ನಮ್ಮದೂ ಹೌದು

ತೋಟಗಾರಿಕೆ ಓದುವಾಗ ಕೀಟಶಾಸ್ತ್ರದ ಮೇಷ್ಟ್ರು ಕಲಿಸಿದ ಮೊದಲ ಪಾಠ: ಹುಳ ಯಾವುದು ಅಂತ ಗೊತ್ತಾಗುವ ತನಕ ಔಷಧದ ಡಬ್ಬಿ ಮುಟ್ಟಬೇಡಿ. ಹೊಲಕ್ಕೆ ಬರೋ ಕಾಡುಪ್ರಾಣಿಗೂ ಇದೇ ಲೆಕ್ಕ. ಆದರೆ ನಮ್ಮ ಬಾಗಳಿ ಕಡೆ ನಡೆಯೋದೇ ಬೇರೆ. ಮೆಕ್ಕೆಜೋಳ ಮುರಿದು ಬಿದ್ದರೆ ‘ಹಂದಿ’, ಕುರಿಮರಿ ಕಾಣೆಯಾದರೆ ‘ಚಿರತೆ’. ಕಣ್ಣಾರೆ ಕಂಡವರು ಯಾರೂ ಇರಲ್ಲ. ಅಷ್ಟರಲ್ಲೇ ಬೇಲಿಗೆ ಕರೆಂಟು ಬಿಡುವ ಮಾತು ಶುರುವಾಗಿರುತ್ತೆ. ಆ ತಂತಿಗೆ ಹಂದಿಯೂ ಒಂದೇ, ರಾತ್ರಿ ನೀರು ಕಟ್ಟಲು ಬಂದ ಮನುಷ್ಯನೂ ಒಂದೇ.

ಪ್ರಾಣಿ ಎದುರಿಗೆ ಸುಳಿದಾಡಿದರೆ ತಾನಾಗಿಯೇ ಫೋಟೋ ತೆಗೆಯೋ ಟ್ರ್ಯಾಪ್ ಕ್ಯಾಮೆರಾ ಈಗ ರೈತರಿಗೂ ಸಿಗುತ್ತೆ. ಆದರೆ ಕ್ಯಾಮೆರಾ ಫೋಟೋ ತೆಗೆಯುತ್ತೆ, ಪ್ರಾಣಿಯ ಹೆಸರು ಹೇಳಲ್ಲ. ಅದನ್ನು ಹೇಳೋಕೆ ಜನ ಬೇಕು.

ಸಾವಿರಾರು ಕಣ್ಣುಗಳ ಕೆಲಸ

ಆಫ್ರಿಕಾದ ಸೆರೆಂಗೆಟಿಯಲ್ಲಿ ವಿಜ್ಞಾನಿಗಳು 225 ಕ್ಯಾಮೆರಾ ಕಟ್ಟಿದರು. 2010ರಿಂದ 2013ರೊಳಗೆ 12 ಲಕ್ಷ ಚಿತ್ರಗುಚ್ಛ ಸೇರಿದವು. ಮುಕ್ಕಾಲು ಪಾಲು ಖಾಲಿ. ಹುಲ್ಲು ಅಲುಗಾಡಿದರೂ ಕ್ಯಾಮೆರಾ ಕ್ಲಿಕ್ ಅಂದಿತ್ತು. ಅವನ್ನು ಝೂನಿವರ್ಸ್ ಎಂಬ ಜಾಲತಾಣಕ್ಕೆ ಹಾಕಿದಾಗ ನೋಂದಾಯಿಸಿಕೊಂಡವರೇ 28 ಸಾವಿರಕ್ಕೂ ಹೆಚ್ಚು ಸ್ವಯಂಸೇವಕರು ಕೂತು ಪ್ರಾಣಿ ಗುರುತಿಸಿದರು. ಒಂದೇ ಫೋಟೋವನ್ನು ಹಲವರು, ಒಬ್ಬರ ಉತ್ತರ ಇನ್ನೊಬ್ಬರಿಗೆ ಕಾಣದಂತೆ ನೋಡಿದರು. ಬಹುಮತದ ಉತ್ತರವನ್ನು ತಜ್ಞರ ಉತ್ತರಕ್ಕೆ ಹೋಲಿಸಿದಾಗ ಶೇ 96.6ರಷ್ಟು ಸರಿಯಿತ್ತು.

ಇದರ ಗುಟ್ಟು ‘ಬೇರೆ ಬೇರೆಯಾಗಿ’ ಎಂಬ ಮಾತಿನಲ್ಲಿದೆ. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಮೊದಲನೆಯವರು ‘ಚಿರತೆ’ ಅಂದ್ರೆ ಮುಗೀತು, ಉಳಿದ ಐವತ್ತು ಜನಕ್ಕೂ ಚಿರತೆಯೇ ಕಾಣುತ್ತೆ.

ಗುರುತಿಸಿದರೆ ಏನು ಸಿಗುತ್ತೆ ಅಂತೀರಾ? ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕುರುಚಲು ಕಾಡು ನೋಡಿ. ವನ್ಯಜೀವಿ ವಿಜ್ಞಾನಿ ಸಂಜಯ್ ಗುಬ್ಬಿ ಅವರ ತಂಡದ ಕ್ಯಾಮೆರಾಗಳಲ್ಲಿ ಅಲ್ಲಿ ಚಿಂಕಾರ ಸಿಕ್ಕಿತು. 2019ರಲ್ಲಿ ಆ ಕಾಡು ಚಿಂಕಾರ ವನ್ಯಧಾಮವಾಯಿತು. ನಮ್ಮ ಸುತ್ತಲೂ ಅಂಥದೇ ಒಣ ಸೀಮೆ: ಕೂಡ್ಲಿಗಿಯ ಗುಡೇಕೋಟೆಯಲ್ಲಿ ಕರಡಿಧಾಮ, ಪಕ್ಕದ ಜಗಳೂರಿನ ರಂಗಯ್ಯನದುರ್ಗದಲ್ಲಿ ಕೊಂಡುಕುರಿ ವನ್ಯಧಾಮ. ಧಾಮದ ಗಡಿ ಪ್ರಾಣಿಗೆ ಗೊತ್ತಿಲ್ಲ. ಗಡಿಯಾಚೆ ಓಡಾಡುವುದು ನಮ್ಮ ಶೇಂಗಾ ಹೊಲದಲ್ಲಿ.

ಹೆಸರು ಗೊತ್ತಾದರೆ ಬೆಳೆ ಉಳಿಯುತ್ತಾ?

ಗೆಳೆಯರು ಕೇಳೋ ನ್ಯಾಯವಾದ ಪ್ರಶ್ನೆ ಇದು. ಹೆಸರೊಂದೇ ಬೆಳೆ ಉಳಿಸಲ್ಲ, ಆದರೆ ತಪ್ಪು ಹೆಸರು ದುಡ್ಡು ಕಳೆಯುತ್ತೆ. ಮುಳ್ಳುಹಂದಿ ಬೇಲಿಯ ಬುಡ ತೋಡಿ ನುಸುಳುತ್ತೆ. ಎರಡಡಿ ಮೇಲೆ ಎಳೆದ ಸೋಲಾರ್ ತಂತಿ ಅದಕ್ಕೆ ಲೆಕ್ಕಕ್ಕಿಲ್ಲ. ಹಗಲು ಬರೋ ನವಿಲಿಗೆ ರಾತ್ರಿ ಕಾವಲು ಯಾಕೆ? ಕತ್ತೆಕಿರುಬ ಹೆಚ್ಚಾಗಿ ಸತ್ತ ದನಕರು ತಿನ್ನೋದು, ಕಾಡುಬೆಕ್ಕು ಇಲಿ ಹಿಡಿಯೋದು. ಚಿರತೆ ಅಂತ ಇವನ್ನು ಹೊಡೆದರೆ ನಷ್ಟ ನಮ್ಮದೇ. ಪರಿಹಾರದ ಅರ್ಜಿಗೂ ದಿನಾಂಕ, ಸಮಯ ಇರೋ ಫೋಟೋ ಒಂದು ಆಧಾರ.

ಹೀಗೆ ಮಾಡಿ ನೋಡಿ

* ಕ್ಯಾಮೆರಾವನ್ನು ಮೊಣಕಾಲೆತ್ತರಕ್ಕೆ, ಬಿಸಿಲು ಎದುರಾಗದಂತೆ ಕಟ್ಟಿ. ಮುಂದಿನ ಹುಲ್ಲು ಸವರಿ. ದಿನಾಂಕ, ಸಮಯ ಸರಿಪಡಿಸಿ. ನಿಮ್ಮ ಜಮೀನಿನಲ್ಲಷ್ಟೇ ಕಟ್ಟಿ. ಅರಣ್ಯದೊಳಗೆ ಇಲಾಖೆಯ ಅನುಮತಿ ಬೇಕು.
* ಐದು ಜನಕ್ಕೆ ಬೇರೆ ಬೇರೆ ತೋರಿಸಿ, ಚೀಟಿಯಲ್ಲಿ ಬರೆಸಿ. ಅವರಲ್ಲಿ ಒಬ್ಬರಾದರೂ ಕುರಿಗಾಹಿ ಇರಲಿ. ‘ಗೊತ್ತಾಗ್ತಿಲ್ಲ’ ಅನ್ನೋದೂ ಉತ್ತರವೇ.
* ರಾತ್ರಿ ಫೋಟೋ ಕಪ್ಪು-ಬಿಳುಪು. ಬಣ್ಣ ಬಿಡಿ, ಆಕಾರ ನೋಡಿ. ಬೆನ್ನು ಹಿಂದಕ್ಕೆ ಇಳಿಜಾರಾಗಿ ಮೈಮೇಲೆ ಪಟ್ಟೆ ಇದ್ದರೆ ಕತ್ತೆಕಿರುಬ. ಕಾಲು ಉದ್ದ, ಬಾಲ ಗಿಡ್ಡ ಇದ್ದರೆ ಕಾಡುಬೆಕ್ಕು. ಚಿರತೆಯ ಬಾಲ ಉದ್ದ.
* ಅಪರೂಪದ ಪ್ರಾಣಿ ಸಿಕ್ಕರೆ ಜಾಗದ ಹೆಸರು ಹಾಕಿ ಹಂಚಬೇಡಿ, ಬೇಟೆಗಾರರಿಗೂ ಮೊಬೈಲ್ ಇದೆ. ದಾರಿಹೋಕರ, ಹೆಣ್ಣುಮಕ್ಕಳ ಫೋಟೋ ಬಂದರೆ ತಕ್ಷಣ ಅಳಿಸಿ.

ಕೊನೆಗೊಂದು ಒತ್ತಾಯ. ಈ ಗುರುತಿಸುವ ಕೆಲಸ ಬಹುಪಾಲು ಇಂಗ್ಲಿಷಿನಲ್ಲಿ, ಊರಿಂದ ದೂರ ಕೂತವರ ಕೈಲಿ ನಡೀತಿದೆ. ಅವರ ಶ್ರಮಕ್ಕೆ ನಮಸ್ಕಾರ. ಆದರೆ ಹೆಜ್ಜೆ ನೋಡಿ ತೋಳವೋ ನಾಯಿಯೋ ಹೇಳಬಲ್ಲ ಕುರಿಗಾಹಿ ಆ ಪಟ್ಟಿಯಲ್ಲಿಲ್ಲ. ನಮ್ಮಲ್ಲಿ ‘ನರಿ’ ಅಂತ ಕರೆಯೋದು ಎರಡು ಬೇರೆ ಪ್ರಾಣಿಗಳನ್ನು. ಒಂದು ದೊಡ್ಡದು, ಇನ್ನೊಂದು ಬಾಲದ ತುದಿ ಕಪ್ಪಿರೋ ಸಣ್ಣದು. ಊರಿನ ಹೆಸರೂ ಚಿತ್ರವೂ ಇರೋ ಕನ್ನಡದ ಪಟ್ಟಿಯೊಂದನ್ನು ಅರಣ್ಯ ಇಲಾಖೆ, ರೈತ ಸಂಪರ್ಕ ಕೇಂದ್ರಗಳು ಸೇರಿ ಮಾಡಲಿ, ಶಾಲೆಗೂ ಕೊಡಲಿ. ತಪ್ಪು ಗುರುತಿನ ಬೆಲೆ ತೆರುವವರು ನಾವು; ಗುರುತಿಸೋ ಸಾಲಿನಲ್ಲೂ ನಮಗೆ ಜಾಗ ಬೇಕು.